ಪಾಸ್ ಕೇಳುವ ಪ್ರಶ್ನೆ



ಈ ಸಲ ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ನಾವಿರೋದು ಟೆಕ್ಸಾಸ್‌ನ ರೌಂಡ್ ರಾಕ್‌ನಲ್ಲಿ. ಹೋದ ಬೇಸಿಗೆ ಊರಿಗೆ ಹೊರಟಾಗ, ದಾರಿಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಆರು ದಿನ ಜರ್ಮನಿ, ಸ್ವಿಟ್ಜರ್ಲೆಂಡ್ ನೋಡ್ಕೊಂಡು, ಆಮೇಲೆ ಬೆಂಗಳೂರಿಗೆ ಹೋಗೋಣ ಅಂತ ತೀರ್ಮಾನ ಮಾಡಿದ್ವಿ. ಆಸ್ಟಿನ್‌ನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಹಾಗಾಗಿ ನಮ್ಮ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಈಗೀಗ ಇದು ಮಾಮೂಲಿ ಪ್ಲಾನು. ನಿಮ್ಮಲ್ಲೂ ಎಷ್ಟೋ ಜನ ಮಾಡಿರ್ತೀರಿ.

ಪ್ಲಾನ್ ಮಾಡಿದವರಿಗೆ ಗೊತ್ತು, ವಿಮಾನದ ಟಿಕೆಟ್ ತಗೊಳ್ಳೋದು ಸುಲಭ. ರೈಲಿನ ಪಾಸ್ ಆರಿಸೋದೇ ತಲೆನೋವು. ಯೂರೈಲ್ ಪಾಸಾ, ಸ್ವಿಸ್ ಟ್ರಾವೆಲ್ ಪಾಸಾ, ಸ್ವಿಸ್ ಹಾಫ್ ಫೇರ್ ಕಾರ್ಡಾ, ಜರ್ಮನಿಯ ಡಾಯ್ಚ್‌ಲಾಂಡ್ ಟಿಕೆಟ್ಟಾ, ಇಲ್ಲಾ ಆಯಾ ದಿನದ ಬಿಡಿ ಟಿಕೆಟ್ಟಾ? ಒಂದು ಶನಿವಾರ ರಾತ್ರಿ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ನಾನೂ ನನ್ನ ಗಂಡನೂ ಕೂತಿದ್ವಿ. ಮಗಳು ಎದುರಿಗೆ ಕೂತು ದೋಸೆ ತಿಂತಾ ಇದ್ದಳು. ಯೂರೈಲ್‌ನ ದರಪಟ್ಟಿಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ನಾಲ್ಕರಿಂದ ಹನ್ನೊಂದು ವರ್ಷದ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ. ಹನ್ನೆರಡು ಆದರೆ ಯೂತ್ ಪಾಸು, ನಮ್ಮ ಲೆಕ್ಕಕ್ಕೆ ಹೆಚ್ಚುಕಮ್ಮಿ ಇನ್ನೂರು ಯೂರೋ.

ಮಗಳಿಗೆ ಹನ್ನೆರಡು ತುಂಬಿ ಮೂರು ವಾರ ಆಗಿತ್ತು.

"ಮೂರು ವಾರ ತಾನೆ," ಅಂತ ನನ್ನ ಬಾಯಿಂದ ಬಂತು. ನಾನು ಯೋಚನೆ ಮಾಡಿ ಹೇಳಿದ್ದಲ್ಲ. ಎಲ್ಲೋ ಒಳಗಡೆ ಬಹಳ ಹಿಂದೆಯೇ ಸಿದ್ಧವಾಗಿದ್ದ ಮಾತು ತಾನಾಗೇ ಹೊರಗೆ ಬಂದ ಹಾಗಿತ್ತು. ಮಗಳು ತಲೆ ಎತ್ತಿ ನೋಡಿದಳು. "ಅಮ್ಮಾ, ನಂಗೆ ಹನ್ನೆರಡು," ಅಂದಳು. ಕೋಪದಿಂದ ಅಲ್ಲ. ನಾನು ಮರೆತಿದ್ದೀನೇನೋ ಅನ್ನೋ ಹಾಗೆ.

ಆ ಮಾತು ನನ್ನೊಳಗೆ ಎಲ್ಲಿಂದ ಬಂತು ಅನ್ನೋದು ನನಗೆ ಚೆನ್ನಾಗಿ ಗೊತ್ತು. ನಿಮ್ಮಲ್ಲಿ ಕರ್ನಾಟಕದಲ್ಲಿ ಬೆಳೆದವರಿಗೂ ಗೊತ್ತಿರುತ್ತೆ. ಇಲ್ಲೇ ಹುಟ್ಟಿ ಬೆಳೆದವರು ನಿಮ್ಮ ಅಪ್ಪ ಅಮ್ಮನನ್ನ ಕೇಳಿ ನೋಡಿ, "ಅರ್ಧ ಟಿಕೆಟ್" ಅಂದರೆ ಏನು ಅಂತ. ನಗ್ತಾರೆ. ಆಮೇಲೆ ಒಂದು ಕತೆ ಹೇಳ್ತಾರೆ.

ನನ್ನ ಕತೆ ಇದು. ನಮ್ಮ ಕೆಂಪು ಬಸ್ಸುಗಳಲ್ಲಿ ಹನ್ನೆರಡು ವರ್ಷದವರೆಗೆ ಅರ್ಧ ಟಿಕೆಟ್. ರೈಲಿನಲ್ಲಿ ಐದು ತುಂಬಿದ ಮೇಲೆ ಹನ್ನೆರಡರ ಒಳಗೆ ಅರ್ಧ. ನನಗೆ ಹದಿಮೂರು ಆಗಿದ್ದಾಗಲೂ ಮಂಡ್ಯದಿಂದ ಅಜ್ಜಿ ಊರಿಗೆ ಹೋಗುವ ದಿನ ಅಮ್ಮ ನನಗೆ ಎರಡು ಜಡೆ ಹಾಕಿ, ಹಳೇ ಫ್ರಾಕು ತೊಡಿಸಿ, ಕಿಟಕಿ ಪಕ್ಕ ಕೂರಿಸ್ತಿದ್ದಳು. "ಸ್ವಲ್ಪ ಕುಗ್ಗಿ ಕೂತ್ಕೊ. ಕಂಡಕ್ಟರ್ ಕೇಳಿದ್ರೆ ಹನ್ನೊಂದು ಅನ್ನು." ಕಂಡಕ್ಟರ್ ಬರ್ತಿದ್ದರು, ಒಂದು ಸಲ ನನ್ನನ್ನ ನೋಡ್ತಿದ್ದರು, ಒಂದು ಸಲ ಅಮ್ಮನ ಕೈಲಿದ್ದ ಚಿಲ್ಲರೆ ನೋಡ್ತಿದ್ದರು. ಒಂದು ಸಲ ಒಬ್ಬರು, "ಏನಮ್ಮಾ, ಹೋದ ವರ್ಷಾನೂ ಹನ್ನೊಂದೇ ಅಂದಿದ್ದಲ್ಲ," ಅಂತ ನಕ್ಕು, ಅರ್ಧ ಟಿಕೆಟ್ಟನ್ನೇ ಹರಿದು ಕೊಟ್ಟರು. ಅಮ್ಮನೂ ನಕ್ಕಳು. ನಾನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡ್ತಾ ಕೂತೆ. ಹದಿಮೂರು ವರ್ಷದ ಹುಡುಗಿಗೆ ಬೇಕಾಗಿರೋದು ಒಂದೇ, ದೊಡ್ಡವಳು ಅನ್ನಿಸಿಕೊಳ್ಳೋದು. ಆ ದಿನ ನನ್ನ ಕೆಲಸ ಸಣ್ಣವಳಾಗಿರೋದಾಗಿತ್ತು.

ಅಮ್ಮ ಕಳ್ಳಿ ಆಗಿದ್ದಳಾ? ಇಲ್ಲ ಅಂತ ನಾನು ಈಗಲೂ ಹೇಳ್ತೀನಿ. ಉಳಿದ ದುಡ್ಡಲ್ಲಿ ಅಜ್ಜಿಗೆ ಬಾಳೆಹಣ್ಣು ಬರ್ತಿತ್ತು. ಬಾಳೆಹಣ್ಣು ಇಲ್ಲದೆ ತವರಿಗೆ ಹೋಗೋದು ಅವಳಿಗೆ ಆಗದ ಮಾತು. ಕಂಡಕ್ಟರ್‌ಗೂ ಅದು ಗೊತ್ತಿತ್ತು. ಅವರು ಗೊತ್ತಿದ್ದೂ ಬಿಟ್ಟಿದ್ದರಲ್ಲಿ ಒಂದು ಬಗೆಯ ಕರುಣೆ ಇತ್ತು. ಮಾಡಿದ್ದು ಸರಿ ಅಂತಲ್ಲ. ಆದರೆ ಆ ಸುಳ್ಳಿಗೆ ಒಂದು ಕಾರಣ ಇತ್ತು, ಆ ಕಾರಣಕ್ಕೆ ಒಂದು ಅಳತೆ ಇತ್ತು.

ರೌಂಡ್ ರಾಕ್‌ನ ಅಡುಗೆಮನೆಯಲ್ಲಿ ನಾನು ಅದೇ ವಾಕ್ಯ ಹೇಳಿದಾಗ ಬಾಳೆಹಣ್ಣಿನ ಪ್ರಶ್ನೆ ಇರಲಿಲ್ಲ. ಇದನ್ನ ಗಮನಿಸಿ. ನಮ್ಮ ತಲೆಮಾರು ಊರಿಂದ ಬರುವಾಗ ಉಪ್ಪಿನಕಾಯಿ ಜೊತೆ ಇನ್ನೂ ಕೆಲವು ಅಭ್ಯಾಸಗಳನ್ನ ಕಟ್ಟಿಕೊಂಡು ಬಂದಿದೆ. ಬಡತನ ಹೋಯ್ತು, ಬಡತನ ಕಲಿಸಿದ ಉಪಾಯ ಉಳೀತು.

ನಾವು ಇದಕ್ಕೊಂದು ಒಳ್ಳೇ ಹೆಸರು ಇಟ್ಟಿದ್ದೀವಿ, "ವಸೂಲಿ". ಈ ಪದ ಗೊತ್ತಿಲ್ಲದವರಿಗೆ ಹೇಳ್ತೀನಿ. ವಸೂಲಿ ಅಂದರೆ ಬರಬೇಕಾದ ದುಡ್ಡನ್ನ ಬಿಡದೆ ಪಡ್ಕೊಳ್ಳೋದು. ಬಡ್ಡಿ ವಸೂಲಿ, ಬಾಡಿಗೆ ವಸೂಲಿ. ಪಾಸ್ ತಗೊಂಡ ತಕ್ಷಣ ನಮಗೆ "ದುಡ್ಡು ವಸೂಲಾಗಬೇಕು" ಅನ್ನೋ ಚಿಂತೆ ಹತ್ತುತ್ತೆ. ರೈಲು, ದೋಣಿ, ಮ್ಯೂಸಿಯಂ, ಎಲ್ಲಾ ಹತ್ತಿ ಇಳಿದು ಸಂಜೆ ಲೆಕ್ಕ ಹಾಕ್ತೀವಿ. ಅದರಲ್ಲಿ ತಪ್ಪೇನಿಲ್ಲ, ಸ್ವಲ್ಪ ಆಯಾಸ ಅಷ್ಟೆ. ವಸೂಲಿ ಒಂದು ಹೆಜ್ಜೆ ಮುಂದೆ ಹೋದಾಗ ಮಾತ್ರ ನಮಗೆ ಬರಬೇಕಾದದ್ದರ ಜೊತೆ ಬರಬಾರದ್ದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ತೀವಿ.

ಆ ರಾತ್ರಿ ನಾವು ಮತ್ತೆ ಮೊದಲಿಂದ ಓದಿದ್ವಿ. ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಹೇಳ್ತೀನಿ. ಮೊದಲು ಪಾಸ್ ನೋಡಬೇಡಿ, ದಾರಿ ಬರ್ಕೊಳ್ಳಿ. ಯಾವ ದಿನ ಎಲ್ಲಿಂದ ಎಲ್ಲಿಗೆ ಅಂತ. ನಮ್ಮದು ಫ್ರಾಂಕ್‌ಫರ್ಟ್‌ನಿಂದ ಬಾಸೆಲ್, ಅಲ್ಲಿಂದ ನಾಲ್ಕು ದಿನ ಸ್ವಿಟ್ಜರ್ಲೆಂಡ್ ಒಳಗೆ ಓಡಾಟ, ಮತ್ತೆ ವಾಪಸ್. ಇಷ್ಟಕ್ಕೆ ಯುರೋಪ್ ಪೂರ್ತಿ ಸುತ್ತುವ ಪಾಸ್ ಬೇಕಿರಲಿಲ್ಲ. ಡಾಯ್ಚ್‌ಲಾಂಡ್ ಟಿಕೆಟ್ ಜರ್ಮನಿಯ ಊರೊಳಗಿನ ಬಸ್ಸು, ಟ್ರಾಮು, ಪ್ರಾದೇಶಿಕ ರೈಲಿಗೆಲ್ಲಾ ಆಗುತ್ತೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯ್ತು, 2025ರಲ್ಲಿ 58 ಆಯ್ತು. ಆದರೆ ಅದು ವೇಗದ ಐಸಿಇ ರೈಲಿಗೆ ನಡೆಯಲ್ಲ. ಮೇಲಾಗಿ ಕ್ಯಾಲೆಂಡರ್ ತಿಂಗಳಿನ ಲೆಕ್ಕ, ತಿಂಗಳ ಕೊನೇ ವಾರದಲ್ಲಿ ಹೋಗಿ ಮುಂದಿನ ತಿಂಗಳ ಮೊದಲ ವಾರ ಬಂದರೆ ಎರಡು ತಿಂಗಳ ದುಡ್ಡು. ಜರ್ಮನ್ ರೈಲ್ವೆಯ ಮಾಮೂಲಿ ಟಿಕೆಟ್‌ನಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳು ಅಪ್ಪ ಅಮ್ಮನ ಜೊತೆ ಉಚಿತ, ಟಿಕೆಟ್ ತಗೊಳ್ಳುವಾಗ ಮಕ್ಕಳನ್ನೂ ಸೇರಿಸಿದರೆ ಸಾಕು. ಸ್ವಿಟ್ಜರ್ಲೆಂಡ್‌ನಲ್ಲಿ ಟ್ರಾವೆಲ್ ಪಾಸ್ ಇರುವ ಅಪ್ಪ ಅಥವಾ ಅಮ್ಮನ ಜೊತೆ ಹದಿನಾರರ ಒಳಗಿನ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಪುಕ್ಕಟೆ ಸಿಗುತ್ತೆ.

ಅಂದರೆ ನಿಜ ವಯಸ್ಸು ಹೇಳಿದರೂ ಮಗಳಿಗೆ ಒಂದು ಕಾಸೂ ಇಲ್ಲ!

ಇಲ್ಲಿಗೆ ಮುಗಿಸಿ, "ನೋಡಿ, ನಿಜ ಹೇಳಿದವರಿಗೆ ಲಾಭವೇ ಆಗುತ್ತೆ" ಅಂತ ನೀತಿ ಹೇಳಿಬಿಡಬಹುದು. ಆದರೆ ಅದು ನೀತಿ ಅಲ್ಲ, ಅದೃಷ್ಟ. ನಿಜ ಹೇಳಿದರೆ ಲಾಭ ಇರುವಾಗ ಎಲ್ಲರೂ ಹರಿಶ್ಚಂದ್ರರೇ. ಪ್ರಶ್ನೆ ಬರೋದು ನಿಜಕ್ಕೆ ಬೆಲೆ ಕೊಡಬೇಕಾದಾಗ, ಅದೂ ಯಾರೂ ನೋಡದೇ ಇರುವಾಗ.

ಯಾರೂ ನೋಡದೇ ಇರುವ ರೈಲು ಹೊಸದೇನಲ್ಲ. ಟೆಕ್ಸಾಸ್‌ನಲ್ಲಿ ಇರುವ ನಿಮಗೆ ಇದರ ಪರಿಚಯ ಇದೆ. ಡಲ್ಲಸ್‌ನ ಡಾರ್ಟ್ ಲೈಟ್ ರೈಲು 1996ರಲ್ಲಿ, ಹ್ಯೂಸ್ಟನ್‌ನ ಮೆಟ್ರೋರೈಲ್ 2004ರ ಜನವರಿ 1ಕ್ಕೆ, ಆಸ್ಟಿನ್‌ನ ರೆಡ್ ಲೈನ್ 2010ರ ಮಾರ್ಚಿನಲ್ಲಿ ಶುರುವಾದವು. ಮೂರರಲ್ಲೂ ನಮ್ಮ ಮೆಟ್ರೋದ ಹಾಗೆ ಕಾರ್ಡ್ ತೋರಿಸಿದರೆ ತೆರೆಯುವ ಗೇಟಿಲ್ಲ. ಟಿಕೆಟ್ ತಗೊಂಡು ಹತ್ತಬೇಕು, ತಪಾಸಣೆಯವರು ಬಂದರೆ ತೋರಿಸಬೇಕು. ಬರದಿದ್ದರೆ? ಅಲ್ಲಿ ನೀವೂ ನಿಮ್ಮ ಮನಸ್ಸೂ ಇಬ್ಬರೇ.

ರೌಂಡ್ ರಾಕ್‌ಗೆ ರೆಡ್ ಲೈನ್ ಬರಲ್ಲ. ನಾವು ಹಾವರ್ಡ್ ಸ್ಟೇಷನ್‌ಗೆ ಹೋಗಿ ಕಾರು ನಿಲ್ಲಿಸಿ ಹತ್ತಬೇಕು. ಆದರೆ ನಮ್ಮೂರಿಗೆ ರೈಲಿನ ಕಳ್ಳತನದ ಜೊತೆ ಹಳೇ ನಂಟಿದೆ. ನೆಬ್ರಾಸ್ಕಾದಲ್ಲಿ 1877ರಲ್ಲಿ ಯೂನಿಯನ್ ಪೆಸಿಫಿಕ್ ರೈಲು ನಿಲ್ಲಿಸಿ ಅರವತ್ತು ಸಾವಿರ ಡಾಲರ್ ಚಿನ್ನದ ನಾಣ್ಯ ದೋಚಿದ ಸ್ಯಾಮ್ ಬಾಸ್ ಮರುವರ್ಷ ಜುಲೈನಲ್ಲಿ ಗುಂಡೇಟು ತಿಂದು ಸತ್ತದ್ದು ರೌಂಡ್ ರಾಕ್‌ನಲ್ಲೇ. ಇಲ್ಲೇ ಅವನ ಸಮಾಧಿ ಇದೆ, ಅವನ ಹೆಸರಲ್ಲಿ ಒಂದು ರಸ್ತೆಯೂ ಇದೆ. ಮಗಳನ್ನ ಕ್ಲಾಸಿಗೆ ಬಿಡೋಕೆ ವಾರಕ್ಕೆರಡು ಸಲ ಆ ರಸ್ತೆಯಲ್ಲಿ ಹೋಗ್ತೀನಿ. ದರೋಡೆಗೂ ಅರ್ಧ ಟಿಕೆಟ್ಟಿಗೂ ಹೋಲಿಕೆ ಎಲ್ಲಿ ಅಂತೀರಾ? ಸರಿ, ಹೋಲಿಕೆ ಇಲ್ಲ. ಆದರೆ ಎರಡರ ನಡುವೆ ಗೆರೆ ಎಲ್ಲಿ ಎಳೀಬೇಕು ಅಂತ ಹನ್ನೆರಡು ವರ್ಷದ ಮಗು ಕೇಳಿದರೆ ಏನು ಹೇಳ್ತೀರಿ? ಮೊತ್ತ ಸಣ್ಣದು ಅಂತಾನಾ?

ನಾವು ನಮಗೇ ಹೇಳಿಕೊಳ್ಳುವ ಕಾರಣಗಳಲ್ಲಿ ಬಲವಾದದ್ದು ಒಂದಿದೆ, ಅದನ್ನ ತಳ್ಳಿಹಾಕೋದು ಸುಲಭ ಅಲ್ಲ. ರೈಲು ಹೇಗೂ ಹೋಗುತ್ತೆ. ಸೀಟು ಹೇಗೂ ಖಾಲಿ ಇದೆ. ನಾನು ಕೂತರೆ ಯಾರಿಗೆ ಏನು ನಷ್ಟ? ಅಂಗಡಿಯಿಂದ ಸೇಬು ಕದ್ದರೆ ಒಂದು ಸೇಬು ಕಮ್ಮಿ ಆಗುತ್ತೆ. ಖಾಲಿ ಸೀಟಲ್ಲಿ ಕೂತರೆ ಏನೂ ಕಮ್ಮಿ ಆಗಲ್ಲ. ನಿಜ. ಒಬ್ಬರ ಲೆಕ್ಕದಲ್ಲಿ ಇದು ಪೂರ್ತಿ ಸರಿ. ಆದರೆ ಖಾಲಿ ಸೀಟಿನ ಆ ರೈಲು ಓಡ್ತಿರೋದೇ ಬೇರೆಯವರು ಈ ಲೆಕ್ಕ ಹಾಕಲಿಲ್ಲ ಅನ್ನೋ ಕಾರಣಕ್ಕೆ. ಮದುವೆಮನೆಗೆ ಎಲ್ಲರೂ ಹಾಲು ತರಬೇಕು, ನಾನೊಬ್ಬಳು ನೀರು ಹಾಕಿದರೆ ಗೊತ್ತಾಗಲ್ಲ ಅಂತ ಎಲ್ಲರೂ ಅಂದುಕೊಂಡರೆ ಹಂಡೆಯಲ್ಲಿ ಏನಿರುತ್ತೆ? ಗೇಟಿಲ್ಲದ ಸ್ಟೇಷನ್ ಅಂದರೆ ಅಂಥದ್ದೊಂದು ಹಂಡೆ.

ಯಾರೂ ನೋಡದಿದ್ದರೆ ಮನುಷ್ಯ ಏನು ಮಾಡ್ತಾನೆ ಅನ್ನೋದು ಹಳೇ ಪ್ರಶ್ನೆ. ಗ್ರೀಸಿನ ಪ್ಲೇಟೋ ತನ್ನ "ರಿಪಬ್ಲಿಕ್" ಪುಸ್ತಕದಲ್ಲಿ ಗೈಜಸ್ ಅನ್ನೋ ಕುರುಬನ ಕತೆ ತರ್ತಾನೆ. ಬೆರಳಲ್ಲಿ ತಿರುಗಿಸಿದರೆ ಮಾಯವಾಗಿಬಿಡುವ ಉಂಗುರ ಅವನಿಗೆ ಸಿಗುತ್ತೆ. ಸಿಕ್ಕಿದ್ದೇ ತಡ, ರಾಜನನ್ನ ಕೊಂದು ತಾನೇ ರಾಜನಾಗ್ತಾನೆ. ಅಂಥ ಉಂಗುರ ಕೈಲಿದ್ದೂ ಸರಿಯಾಗಿ ನಡ್ಕೊಳ್ಳೋರು ಯಾರಾದರೂ ಇದ್ದಾರಾ ಅನ್ನೋದು ಅಲ್ಲಿಯ ಸವಾಲು.

ನಮ್ಮ ಕಡೆ ಇದಕ್ಕೆ ಉತ್ತರದ ಹಾಗೆ ಒಂದು ಕತೆ ಇದೆ, ನಿಮಗೆಲ್ಲಾ ಅಜ್ಜಿಯೋ ಕನ್ನಡ ಕಲಿ ಶಾಲೆಯ ಟೀಚರೋ ಹೇಳಿರ್ತಾರೆ. ಗುರು ವ್ಯಾಸರಾಯರು ಶಿಷ್ಯರಿಗೆಲ್ಲಾ ಒಂದೊಂದು ಬಾಳೆಹಣ್ಣು ಕೊಟ್ಟು, "ಯಾರೂ ನೋಡದ ಕಡೆ ತಿಂದು ಬನ್ನಿ" ಅಂತಾರೆ. ಒಬ್ಬ ಬಾಗಿಲ ಹಿಂದೆ, ಒಬ್ಬ ಮರದ ಮರೆಯಲ್ಲಿ ತಿಂದು ಬರ್ತಾನೆ. ಕನಕದಾಸರು ಮಾತ್ರ ಹಣ್ಣನ್ನ ಹಾಗೇ ವಾಪಸ್ ತರ್ತಾರೆ. ದೇವರು ನೋಡದ ಜಾಗ ಸಿಗಲಿಲ್ಲ ಅಂತಾರೆ.

ಚಿಕ್ಕವಳಿದ್ದಾಗ ಈ ಕತೆ ಕೇಳಿ ನನಗೆ ಸ್ವಲ್ಪ ಭಯ ಆಗ್ತಿತ್ತು. ದೇವರು ಅಂದರೆ ಎಲ್ಲಾ ಬಸ್ಸಲ್ಲೂ ಇರೋ ಚೆಕಿಂಗ್ ಇನ್‌ಸ್ಪೆಕ್ಟರ್ ಅಂತ ಅಂದ್ಕೊಂಡಿದ್ದೆ. ದೊಡ್ಡವಳಾದ ಮೇಲೆ ಒಂದು ಅನುಮಾನ ಬಂತು. ಯಾರೋ ನೋಡ್ತಾರೆ ಅಂತ ತಿನ್ನದೇ ಇದ್ದರೆ ಅದರಲ್ಲಿ ಹೆಚ್ಚುಗಾರಿಕೆ ಏನು? ಸಿಸಿಟಿವಿ ಇದ್ದಲ್ಲೂ ಹಾಗೇ ಅಲ್ವಾ ಇರ್ತೀವಿ? ಈಗ ನಾನು ಆ ಕತೆಯನ್ನ ಬೇರೆ ಥರ ಓದ್ತೀನಿ. ಬೇರೆ ಶಿಷ್ಯರು ಜಾಗ ಹುಡುಕುವಾಗ "ಯಾರೂ" ಅನ್ನೋದರಲ್ಲಿ ತಮ್ಮನ್ನ ಸೇರಿಸಿಕೊಳ್ಳಲಿಲ್ಲ. ಕನಕ ಸೇರಿಸಿಕೊಂಡರು. ದೇವರನ್ನ ನಂಬದವರಿಗೂ ಆ ಕತೆ ಆಗಿಬರೋದು ಅದಕ್ಕೇ.

ಈಗ ಫ್ರಾಂಕ್‌ಫರ್ಟ್‌ನ ಕೊನೇ ಬೆಳಿಗ್ಗೆಯ ವಿಷಯ ಹೇಳಬೇಕು. ಹೇಳೋಕೆ ಇಷ್ಟ ಇಲ್ಲ, ಆದರೂ ಹೇಳ್ತೀನಿ.

ಸ್ವಿಟ್ಜರ್ಲೆಂಡ್ ಮುಗಿದಿತ್ತು, ಪಾಸೂ ಮುಗಿದಿತ್ತು. ಮುಖ್ಯ ಸ್ಟೇಷನ್‌ನಿಂದ ಏರ್‌ಪೋರ್ಟ್‌ಗೆ ಎಸ್-ಬಾನ್ ಅನ್ನೋ ಲೋಕಲ್ ರೈಲಲ್ಲಿ ಕಾಲು ಗಂಟೆಯೂ ಆಗಲ್ಲ. ಟಿಕೆಟ್ ಮೆಷಿನ್ ಮುಂದೆ ಉದ್ದ ಸಾಲು. ರೈಲಿಗೆ ನಾಲ್ಕೇ ನಿಮಿಷ. ನಾಲ್ಕು ಸೂಟ್‌ಕೇಸು. ಗೇಟಿಲ್ಲ. "ಅಮ್ಮಾ, ಟಿಕೆಟ್?" ಅಂದಳು ಮಗಳು. "ಅಲ್ಲಿ ಹೋಗಿ ತಗೊಳ್ಳೋಣ, ಹತ್ತು," ಅಂದೆ. ಹತ್ತಿದ್ವಿ.

ಯಾರೂ ಬರಲಿಲ್ಲ. ಯಾರೂ ಕೇಳಲಿಲ್ಲ. ಎದುರು ಸೀಟಲ್ಲಿ ವಯಸ್ಸಾದ ಒಬ್ಬರು ದೊಡ್ಡ ಚೀಲದ ತುಂಬ ಖಾಲಿ ಪ್ಲಾಸ್ಟಿಕ್ ಬಾಟಲಿ ಇಟ್ಕೊಂಡು ಕೂತಿದ್ದರು. ಜರ್ಮನಿಯಲ್ಲಿ ಅಂಥ ಒಂದು ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್ ಸಿಗುತ್ತೆ. ಅದನ್ನ ಆರಿಸಿಯೇ ದಿನ ಕಳೆಯೋ ವೃದ್ಧರು ದೊಡ್ಡ ಸ್ಟೇಷನ್‌ಗಳಲ್ಲಿ ಕಾಣ್ತಾರೆ. ಪ್ರತಿ ಸ್ಟಾಪಲ್ಲೂ ಬಾಗಿಲು ತೆಗೆದಾಗ ನಾನು ತಲೆ ತಗ್ಗಿಸಿ ಕೂರ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯ್ತು, ಹದಿಮೂರನೇ ವಯಸ್ಸಲ್ಲಿ ಬಸ್ಸಲ್ಲಿ ಕೂತ ಹಾಗೇ ಕುಗ್ಗಿ ಕೂತಿದ್ದೀನಿ ಅಂತ. ಆಗ ಹೇಳಿಕೊಟ್ಟವಳು ಅಮ್ಮ. ಈಗ ಯಾರೂ ಹೇಳಿರಲಿಲ್ಲ.

ಏರ್‌ಪೋರ್ಟಲ್ಲಿ ಇಳಿದ ಮೇಲೆ ಟಿಕೆಟ್ ತಗೊಂಡ್ವಾ? ಇಲ್ಲ. ಚೆಕ್-ಇನ್‌ಗೆ ಓಡಿದ್ವಿ. ವಿಮಾನ ಮೇಲೇರಿದ ಮೇಲೆ ಮಗಳು ಕೇಳಿದಳು, "ಅಮ್ಮಾ, ನಾವು ಫೇರ್ ಕೊಡಲೇ ಇಲ್ಲ ಅಲ್ವಾ?" ಅವಳು ಕದಿಯೋದು ಅನ್ನೋ ಮಾತು ಆಡಲಿಲ್ಲ. ಆಡಿದ್ದರೆ ನನಗೆ ಕೋಪ ಮಾಡಿಕೊಳ್ಳೋಕೆ ಒಂದು ದಾರಿ ಸಿಗ್ತಿತ್ತು.

ಸಿಕ್ಕಿಬಿದ್ದಿದ್ದರೆ ಏನಾಗ್ತಿತ್ತು ಅಂತ ಆಮೇಲೆ ಓದಿದೆ. ತಲೆಗೆ 60 ಯೂರೋ ದಂಡ. ಬೇಜಾರಾಗ್ತಿತ್ತು, ಕಾರ್ಡ್ ಉಜ್ಜಿ ಕಟ್ತಿದ್ವಿ, ಊರಲ್ಲಿ ನಗ್ತಾ ಕತೆ ಹೇಳ್ತಿದ್ವಿ. ಆದರೆ ಜರ್ಮನಿಯ ದಂಡಸಂಹಿತೆಯಲ್ಲಿ 1935ರಲ್ಲಿ ಸೇರಿಸಿದ 265ಎ ಅನ್ನೋ ಕಲಂ ಇದೆ. ಟಿಕೆಟ್ ಇಲ್ಲದೆ ಪ್ರಯಾಣ ಮಾಡೋದು ಅದರ ಪ್ರಕಾರ ಅಪರಾಧ. ಕೋರ್ಟ್ ಹಾಕಿದ ದಂಡ ಕಟ್ಟೋಕೆ ಆಗದವರು ಅದರ ಬದಲು ಜೈಲಿಗೆ ಹೋಗ್ತಾರೆ. ಹಾಗೆ ಹೋಗೋರಲ್ಲಿ ಕೆಲಸ ಇಲ್ಲದವರು, ಮನೆ ಇಲ್ಲದವರೇ ಜಾಸ್ತಿ. 2021ರಲ್ಲಿ ಶುರುವಾದ ಫ್ರೈಹೈಟ್ಸ್‌ಫಾಂಡ್ಸ್ ಅನ್ನೋ ಗುಂಪು ಜನರಿಂದ ಚಂದಾ ಎತ್ತಿ, ಆ ದಂಡ ಕಟ್ಟಿ, ಅಂಥವರನ್ನ ಬಿಡಿಸಿಕೊಂಡು ಬರುತ್ತೆ. ಈ ಕಲಂ ಇರಬೇಕಾ ಬೇಡವಾ ಅಂತ ಅಲ್ಲಿ ವರ್ಷಗಳಿಂದ ಚರ್ಚೆ ನಡೀತಿದೆ.

ಅದನ್ನ ಓದಿದಾಗ ನನ್ನ ಲೆಕ್ಕ ತಲೆಕೆಳಗಾಯ್ತು. ಒಂದೇ ರೈಲು, ಒಂದೇ ತಪ್ಪು. ಬಾಟಲಿ ಆರಿಸುವವರು ಸಿಕ್ಕಿಬಿದ್ದರೆ ಜೈಲಿನ ತನಕ ಹೋಗಬಹುದು. ನಾಲ್ಕು ಸೂಟ್‌ಕೇಸಿನ ನಾನು ಸಿಕ್ಕಿಬಿದ್ದರೆ ಒಂದು ಊಟದ ಖರ್ಚು. ಅಮ್ಮನ ಅರ್ಧ ಟಿಕೆಟ್ಟಿಗೆ ನಾನು ಕೊಟ್ಟ ವಿನಾಯಿತಿಯನ್ನ ಆ ಹಿರಿಯರಿಗೆ ಕೊಡಬಹುದು. ನನಗೆ ನಾನೇ ಕೊಟ್ಟುಕೊಳ್ಳೋಕೆ ಬರಲ್ಲ. ಬಡವರು ತಪ್ಪಿಸಿಕೊಂಡಾಗ ಕಣ್ಣುಮುಚ್ಚೋ ಕಂಡಕ್ಟರ್ ಬೇಕು ಅಂದರೆ, ಕೊಡೋಕೆ ಆಗೋರು ತಪ್ಪದೆ ಕೊಡಬೇಕು. ಕರುಣೆಗೂ ಯಾರಾದರೂ ದುಡ್ಡು ಕಟ್ಟಿರಬೇಕಲ್ಲ.

ಪಾಸುಗಳ ಬಗ್ಗೆ ಓದುವಾಗ ಇನ್ನೊಂದು ವಿಷಯ ಗಮನಿಸಿದೆ. ಪಾಸು ಬರೀ ವಯಸ್ಸು ಕೇಳಿ ಸುಮ್ಮನಾಗಲ್ಲ, ನೀವು ಎಲ್ಲಿಯವರು ಅಂತಲೂ ಕೇಳುತ್ತೆ. ಯೂರೈಲ್ ಯುರೋಪಿನ ಹೊರಗೆ ಇರುವವರಿಗೆ, ಅಲ್ಲೇ ಇರುವವರಿಗೆ ಇಂಟರ್‌ರೈಲ್. ಸ್ವಿಸ್ ಟ್ರಾವೆಲ್ ಪಾಸ್ ಸ್ವಿಟ್ಜರ್ಲೆಂಡ್‌ನಲ್ಲಿ ವಾಸ ಇರುವವರಿಗೆ ಸಿಗಲ್ಲ. ಜಪಾನ್ ರೈಲ್ ಪಾಸಂತೂ ಹೊರಗಿನ ಪ್ರವಾಸಿಗಳಿಗೆ ಮಾತ್ರ. ಜಪಾನಿನ ಪಾಸ್‌ಪೋರ್ಟ್ ಇದ್ದವರಿಗೆ ಅದು ಬೇಕಾದರೆ, ಹತ್ತು ವರ್ಷದಿಂದ ಹೊರದೇಶದಲ್ಲೇ ಇದ್ದೀನಿ ಅಂತ ದಾಖಲೆ ತೋರಿಸಬೇಕು. ಯೋಚನೆ ಮಾಡಿ. ತನ್ನ ಹುಟ್ಟೂರಿನ ರೈಲಿನ ಕೌಂಟರ್ ಮುಂದೆ ನಿಂತು, "ನಾನು ಇಲ್ಲಿಯವನಲ್ಲ, ಇಲ್ಲಿ ದಾಖಲೆ ಇದೆ" ಅಂತ ಹೇಳಬೇಕು. ರಿಯಾಯಿತಿ ಸಿಗುತ್ತೆ, ನಿಜ. ಹೇಳುವಾಗ ಗಂಟಲು ಹೇಗಿರುತ್ತೋ.

ಆ ಗಂಟಲು ಹೇಗಿರುತ್ತೆ ಅಂತ ಬೆಂಗಳೂರಿಗೆ ಬಂದ ಮೇಲೆ ನನಗೇ ಗೊತ್ತಾಯ್ತು.

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ನಿವಾಸಿ ಹೆಣ್ಣುಮಕ್ಕಳಿಗೆ ಐಷಾರಾಮಿ ಬಸ್ಸುಗಳನ್ನ ಬಿಟ್ಟು ಸರ್ಕಾರಿ ಬಸ್ಸಲ್ಲಿ ರಾಜ್ಯದ ಒಳಗೆ ಉಚಿತ ಪ್ರಯಾಣ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಮೊತ್ತದ ಟಿಕೆಟ್ ಕೊಡ್ತಾರೆ. ಆ ಟಿಕೆಟ್ಟಿನ ದುಡ್ಡನ್ನ ಸಾರಿಗೆ ನಿಗಮಕ್ಕೆ ಸರ್ಕಾರ ತುಂಬುತ್ತೆ. ಅದು ಬಂದ ಮೇಲೆ ಮಂಡ್ಯದ ನಮ್ಮ ಬೀದಿಯ ಹೂ ಮಾರೋ ಹೆಂಗಸು ಮೈಸೂರಿನ ಮಾರ್ಕೆಟ್ಟಿಗೆ ತಾನೇ ಹೋಗಿಬರ್ತಾಳೆ. ಇದಕ್ಕಿಂತ ಒಳ್ಳೇ ಪಾಸನ್ನ ನಾನು ಯುರೋಪಲ್ಲೂ ನೋಡಿಲ್ಲ.

ನಾನು, ಮಗಳು, ನನ್ನ ಅತ್ತಿಗೆ ಬೆಂಗಳೂರಿಂದ ಮಂಡ್ಯಕ್ಕೆ ಕೆಂಪು ಬಸ್ ಹತ್ತಿದ್ವಿ. ನನ್ನ ಹತ್ತಿರ ಹಳೇ ಆಧಾರ್ ಕಾರ್ಡ್ ಇದೆ, ಮಂಡ್ಯದ ವಿಳಾಸದ್ದು. ಅತ್ತಿಗೆ ತನ್ನ ಕಾರ್ಡ್ ತೆಗೀತಾ, "ನಿಂದೂ ತೆಗಿ," ಅಂದಳು. ನಾನು ಪರ್ಸ್ ತೆಗೆದೆ. "ಯಾಕೆ ದುಡ್ ಕೊಡ್ತೀಯ? ಕಾರ್ಡಿದೆ, ಕನ್ನಡ ಬತ್ತದೆ, ಹೆಣ್ಣು. ಇನ್ನೇನ್ ಬೇಕು?" ಅಂತ ನಕ್ಕಳು. ಅವಳ ಮಾತಲ್ಲಿ ಮೋಸದ ಯೋಚನೆ ಒಂದಿಷ್ಟೂ ಇರಲಿಲ್ಲ. ಅವಳ ಲೆಕ್ಕದಲ್ಲಿ ನಾನಿನ್ನೂ ಮಂಡ್ಯದವಳೇ. ಬೇಡ ಅಂದರೆ ಅವಳ ಪ್ರೀತಿಯನ್ನೇ ಬೇಡ ಅಂದ ಹಾಗೆ ಆಗುತ್ತಲ್ಲಾ ಅಂತ ಒಂದು ಕ್ಷಣ ಅನ್ನಿಸಿತು.

ದುಡ್ಡಿನ ವಿಷಯ ಆಗಿದ್ದರೆ ಕಷ್ಟ ಇರಲಿಲ್ಲ. ಆ ಟಿಕೆಟ್ಟಿಗೆ ಎರಡು ಡಾಲರ್ ಕೂಡ ಆಗಲ್ಲ. ಕಂಡಕ್ಟರ್ ಬಂದಾಗ, "ನನಗೆ ಟಿಕೆಟ್ ಕೊಡಿ," ಅಂದೆ. ಅವರು ಅತ್ತಿಗೆ ಕಾರ್ಡ್ ನೋಡಿ, ನನ್ನ ಕಡೆ ತಿರುಗಿ, "ಆಧಾರ್ ಇಲ್ವಾ ಅಮ್ಮಾ?" ಅಂದರು.

"ಇದೆ. ಆದರೆ ನಾನೀಗ ಇಲ್ಲಿರೋದಿಲ್ಲ."

ಇಷ್ಟು ಹೇಳೋಕೆ ಎರಡು ಸೆಕೆಂಡ್. ಆದರೆ ಇಷ್ಟು ವರ್ಷದಲ್ಲಿ ಈ ಮಾತನ್ನ ಕನ್ನಡದಲ್ಲಿ, ಮಂಡ್ಯದ ಬಸ್ಸಲ್ಲಿ, ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಕನ್ನಡ ಸಂಘದಲ್ಲಿ ನಾನು ಮಂಡ್ಯದವಳು. ರಾಜ್ಯೋತ್ಸವದ ದಿನ ಮಂಡ್ಯದವಳು. ತೆರಿಗೆ ಕಟ್ಟೋದು, ಮಗಳನ್ನ ಶಾಲೆಗೆ ಕಳಿಸೋದು, ರಸ್ತೆ ಗುಂಡಿ ಬಗ್ಗೆ ದೂರೋದು ರೌಂಡ್ ರಾಕ್‌ನಲ್ಲಿ. ಎರಡೂ ನಿಜ. ಆದರೆ ಟಿಕೆಟ್ ಚೀಟಿಯಲ್ಲಿ ಒಂದಕ್ಕೇ ಜಾಗ.

ಕಂಡಕ್ಟರ್ ಟಿಕೆಟ್ ಕೊಟ್ಟರು, ಮಗಳ ಕಡೆ ನೋಡಿ, "ಪಾಪಂಗೆ ಎಷ್ಟು ವರ್ಷ? ಅರ್ಧ ಕೊಡ್ಲಾ?" ಅಂದರು. ಅವಳು ನನ್ನ ಮುಖ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ತನ್ನ ಟೆಕ್ಸಾಸ್ ಕನ್ನಡದಲ್ಲಿ, "ಹನ್ನೆರಡು ಆಯ್ತು ಅಂಕಲ್, ಫುಲ್ ಕೊಡಿ," ಅಂದಳು. ಪಕ್ಕದ ಸೀಟಿನ ಅಜ್ಜಿ ಜೋರಾಗಿ ನಕ್ಕರು.

ಫ್ರಾಂಕ್‌ಫರ್ಟ್‌ನ ಬಾಕಿ ಇದರಿಂದ ತೀರಲಿಲ್ಲ. ಇಲ್ಲಿ ಕೊಟ್ಟಿದ್ದನ್ನ ಅಲ್ಲಿಗೆ ಜಮಾ ಮಾಡೋಕೆ ಬರಲ್ಲ. ಆ ಮೂರು ಟಿಕೆಟ್ಟಿನ ದುಡ್ಡನ್ನ, ಅದರ ಮೇಲೆ ಸ್ವಲ್ಪ ಸೇರಿಸಿ, ಜೈಲಿಂದ ಬಿಡಿಸುವ ಆ ಗುಂಪಿಗೆ ಕಳಿಸಿದ್ವಿ. ಮಗಳೇ ಸೂಚಿಸಿದ್ದು. ಅದು ಪರಿಹಾರವಾ, ಮನಸ್ಸಿಗೆ ಹಚ್ಚಿದ ಮುಲಾಮಾ, ನನಗೆ ಈಗಲೂ ಗೊತ್ತಿಲ್ಲ.

ಮುಂದಿನ ಸಲ ನೀವು ಮೂರು ದಿನಕ್ಕೋ ಆರು ದಿನಕ್ಕೋ ಎಲ್ಲಿಗಾದರೂ ಹೋಗುವಾಗ ಪಾಸ್ ಆರಿಸೋಕೆ ಕೂರ್ತೀರಿ. ದಾರಿ ಮೊದಲು ಬರ್ಕೊಳ್ಳಿ, ಪಾಸ್ ಆಮೇಲೆ ನೋಡಿ. ಮಕ್ಕಳ ವಯಸ್ಸಿನ ನಿಯಮ ದೇಶದಿಂದ ದೇಶಕ್ಕೆ ಬೇರೆ, ಅದನ್ನ ಪೂರ್ತಿ ಓದಿ. ಎಷ್ಟೋ ಸಲ ನಿಜ ಹೇಳಿಯೇ ಉಳಿತಾಯ ಆಗುತ್ತೆ. ಕೊನೇ ದಿನ ಏರ್‌ಪೋರ್ಟ್‌ಗೆ ಹೋಗುವ ಟಿಕೆಟ್ಟನ್ನ ಹಿಂದಿನ ರಾತ್ರಿಯೇ ತಗೊಂಡಿಡಿ. ಇದನ್ನ ಅನುಭವದಿಂದ ಹೇಳ್ತಿದ್ದೀನಿ. ಆಮೇಲೆ ಆ ಸಣ್ಣ ಚೌಕಗಳು ಬರ್ತವೆ: ವಯಸ್ಸೆಷ್ಟು, ಎಷ್ಟು ಜನ, ಎಲ್ಲಿ ವಾಸ. ಅವನ್ನ ತುಂಬುವಾಗ ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ. ತಮ್ಮ ವಯಸ್ಸನ್ನ ಅವರೇ ಬರೀಲಿ.